ಮೂಗಿ ಸೊಸೆಗೆ ದನಿ ಕೊಟ್ಟವರು ಯಾರು?

ಧಾರಾವಾಹಿಯಲ್ಲಿ ಸತ್ತವನು ಸಂಜೆ ಆರಕ್ಕೆ ಮೇಕಪ್ ಒರೆಸಿಕೊಂಡು ಮನೆಗೆ ಹೋಗುತ್ತಾನೆ. ಕುರುಡನಾಗಿದ್ದವನು ತಾನೇ ಸ್ಕೂಟರ್ ಓಡಿಸಿಕೊಂಡು ಹೋಗುತ್ತಾನೆ. ಮೂಗಿಯಾಗಿದ್ದವಳು ಬಸ್ಸಿನಲ್ಲಿ ಕಿಟಕಿ ಸೀಟಿಗಾಗಿ ಜಗಳವಾಡಿಕೊಂಡು ಹೋಗುತ್ತಾಳೆ. ಇಷ್ಟು ನಿಮಗೆ ಗೊತ್ತಿರಬೇಕು. ಗೊತ್ತಿದೆ ಎಂದು ತಲೆಯಾಡಿಸುತ್ತಿದ್ದೀರಿ. ಸುಳ್ಳು. ಗೊತ್ತಿದ್ದಿದ್ದರೆ ನಮ್ಮ ಬೀದಿಯ ಈ ಹೆಂಗಸಿಗೆ ಈ ಪಾಡು ಬರುತ್ತಿರಲಿಲ್ಲ.

ಆ ಧಾರಾವಾಹಿಯನ್ನು ನೀವು ನೋಡಿದ್ದೀರಿ. ಇಲ್ಲ ಅನ್ನಬೇಡಿ. ನಿಮ್ಮಮ್ಮ ನೋಡುತ್ತಿದ್ದಾಗ ಬಾಗಿಲಿಗೆ ಒರಗಿ “ಇದನ್ನೆಲ್ಲ ಯಾರು ನೋಡ್ತಾರಪ್ಪ” ಎನ್ನುತ್ತ ಇಪ್ಪತ್ತೆರಡು ನಿಮಿಷ ನಿಂತೇ ಇದ್ದವರು ನೀವು. ಅತ್ತೆ ಬೈಯುತ್ತಾಳೆ, ನಾದಿನಿ ಕಳ್ಳತನ ಹೊರಿಸುತ್ತಾಳೆ, ಸೊಸೆ ಮೂಗಿ, ಒಂದು ಮಾತೂ ಆಡಲಾರದೆ ಕಣ್ಣು ತುಂಬಿಕೊಂಡು ನಿಲ್ಲುತ್ತಾಳೆ. ಏಳು ವರ್ಷ. ಸಾವಿರದ ಎಂಟುನೂರ ಹನ್ನೆರಡು ಕಂತು. ಅಷ್ಟರಲ್ಲಿ ಆಕೆಯ ಬಾಯಿಂದ ಬಂದ ಒಟ್ಟು ಶಬ್ದ ಎರಡು ಕೆಮ್ಮು, ಒಂದು ಬಿಕ್ಕಳಿಕೆ.

ಬೀದಿಗೆಲ್ಲ ಆಕೆ ‘ಮೂಗಿ ಸೊಸೆ’. ಮನೆಯಲ್ಲಿ ಆಕೆಯ ಹೆಸರು ರೇಡಿಯೋ. ಎಂಟು ವರ್ಷದವಳಿದ್ದಾಗ ಹೆತ್ತ ತಾಯಿಯೇ ಇಟ್ಟದ್ದು. ಹುಡುಗಿ ನಿದ್ದೆಯಲ್ಲೂ ಮಾತಾಡುತ್ತಿದ್ದಳಂತೆ. ಪಕ್ಕದ ಕೋಣೆಯಿಂದ ತಾಯಿ “ಯಾರಾದ್ರೂ ಆ ರೇಡಿಯೋ ಆರ್ಸಿ” ಎಂದು ಕೂಗಿಕೊಂಡದ್ದು ಹಾಗೇ ಹೆಸರಾಗಿ ಅಂಟಿತು. ನಾನೂ ಹಾಗೇ ಕರೆಯುತ್ತೇನೆ. ಅದಕ್ಕೆ ಆಕೆಯದೇನೂ ಅಡ್ಡಿಯಿಲ್ಲ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮೂರನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ. ಮೆಟ್ಟಿಲ ಮೇಲೆ ಸದಾ ಗ್ರೀಸಿನ ವಾಸನೆ. ಸೈಕಲ್ ಅಂಗಡಿಯ ಪಕ್ಕದಲ್ಲೇ ಗಂಡನ ಜೆರಾಕ್ಸ್ ಅಂಗಡಿ. ಮನೆಯಲ್ಲಿ ಅತ್ತೆ. ಆ ಅತ್ತೆ ಈಕೆಗೆ ಇವತ್ತಿನವರೆಗೆ ಒಂದು ಗದರು ಮಾತು ಹೇಳಿದವರಲ್ಲ, ಯಾಕೆಂದರೆ ಹೇಳಲು ಪುರಸೊತ್ತು ಸಿಕ್ಕಿಲ್ಲ. ಸೊಸೆಯೇ ಬೆಳಗಿಂದ ಸಂಜೆಯವರೆಗೆ ಕೂಗುತ್ತಿರುತ್ತಾಳೆ. ಅತ್ತೆಗೆ ಕಿವಿ ಮಂದ. “ಅತ್ತೇ, ಮಾತ್ರೆ ತಗೊಂಡ್ರಾ?” ಎಂದು ಈಕೆ ಕೇಳಿದರೆ ಎದುರು ಮನೆಯ ಮೇಷ್ಟರು ತಮ್ಮ ಮಾತ್ರೆ ನೆನಪಾಗಿ ಎದ್ದು ಹೋಗಿ ನುಂಗುತ್ತಾರೆ. ಆದರೆ ಅದು ಈಕೆಯ ದನಿ ಎಂದು ಅವರಿಗೆ ಗೊತ್ತಿಲ್ಲ. ಟಿವಿ ಜೋರಾಗಿ ಇಟ್ಟಿದ್ದಾರೆ ಎಂದುಕೊಂಡಿದ್ದಾರೆ. ಎರಡು ಸಲ ದೂರು ಕೊಟ್ಟಿದ್ದಾರೆ, ಅದೂ ಗಂಡನ ಹತ್ತಿರ: “ಮನೇಲಿ ಮಾತು ಬಾರದವರೊಬ್ಬರು, ಕಿವಿ ಕೇಳದವರೊಬ್ಬರು. ಟಿವಿ ಯಾರಿಗ್ರೀ ಅಷ್ಟು ಜೋರಾಗಿ?”

ಬೀದಿಗಿಳಿದರೆ ಇನ್ನೊಂದು ತಮಾಷೆ. ಮೊನ್ನೆ ತರಕಾರಿ ಗಾಡಿಯ ಹತ್ತಿರ ಅತ್ತೆ ಸೊಸೆ ಇಬ್ಬರೂ ನಿಂತಿದ್ದರು. ನಾನು ಈರುಳ್ಳಿ ಆರಿಸುತ್ತಿದ್ದೆ.

“ಟೊಮೇಟೊ ಹೇಗಮ್ಮ?” ಎಂದಳು ರೇಡಿಯೋ.

ತರಕಾರಿಯವಳು ಆಕೆಯ ಮುಖ ನೋಡಿದಳು, ಹಿಂದಿದ್ದ ಅತ್ತೆಯ ಕಡೆ ತಿರುಗಿದಳು. “ಅಜ್ಜಿ, ನಿಮ್ಮ ಸೊಸೆಗೆ ಏನ್ ಬೇಕಂತೆ?”

ಅತ್ತೆಗೆ ಕೇಳಿಸಲಿಲ್ಲ. ನಕ್ಕರು.

“ನನ್ನನ್ನೇ ಕೇಳು ತಾಯಿ. ಟೊಮೇಟೊ ಹೇಗೆ ಕೊಡ್ತೀಯ?”

“ಅಯ್ಯೋ ಅಕ್ಕ, ಕಷ್ಟಪಟ್ಟು ಮಾತಾಡ್ಬೇಡಿ. ಬೆರಳಲ್ಲಿ ತೋರ್ಸಿ, ನಂಗೆ ತಿಳಿಯತ್ತೆ.”

“ನಂಗೇನೂ ಕಷ್ಟ ಇಲ್ಲ. ನಿನ್ನ ತಕ್ಕಡಿಗೆ ಕಷ್ಟ ಆಗ್ತಿದೆ, ಹೆಬ್ಬೆರಳು ತೆಗಿ ಅದರ ಮೇಲಿಂದ.”

ತರಕಾರಿಯವಳು ಹೆಬ್ಬೆರಳು ತೆಗೆದಳು. ಕಣ್ಣಲ್ಲಿ ನೀರು ತುಂಬಿಕೊಂಡಿತು. “ಏಳು ವರ್ಷ ನಿಮಗೋಸ್ಕರ ಅತ್ತಿದ್ದೀನಿ ಅಕ್ಕ. ಎಲ್ಲಾ ನಾಟಕನಾ? ಹಿಂಗೆ ಮೋಸ ಮಾಡಬಾರ್ದಿತ್ತು ನೀವು.”

ಇದು ನಿಮ್ಮ ನ್ಯಾಯ! ಆಕೆ ನಟಿ. ನಟಿಸಿದ್ದು ಮೋಸ. ತಕ್ಕಡಿಯ ಮೇಲಿನ ಹೆಬ್ಬೆರಳು ವ್ಯಾಪಾರ.

ಆ ಪಾತ್ರ ಸಿಕ್ಕಿದ್ದು ಹೇಗೆಂದು ಕೇಳಿ. ಅದಕ್ಕೆ ಮುಂಚೆ ಆಕೆ ಹನ್ನೊಂದು ವರ್ಷ ರಂಗದ ಮೇಲಿದ್ದಳು. ಮೈಕಿಲ್ಲದ ಹಾಲ್‌ಗಳಲ್ಲಿ ಕೊನೆಯ ಸಾಲಿನ ಕುರ್ಚಿಗೂ ಪಿಸುಮಾತು ಮುಟ್ಟಿಸುವ ಗಂಟಲು. ಧಾರಾವಾಹಿಯವರು ಕರೆದು ಸ್ಕ್ರಿಪ್ಟ್ ಕೊಟ್ಟು ಹತ್ತು ಪ್ರತಿ ಮಾಡಿಸಿಕೊಂಡು ಬನ್ನಿ ಎಂದರು. ಗಂಡ ಮಷೀನಿಗೆ ಹಾಳೆ ಹಾಕಿದ. ಎಲ್ಲರ ಪಾತ್ರಗಳೂ ಕರ್ರಗೆ ಬಂದವು. ಹೆಂಡತಿಯ ಪಾತ್ರದ ಹಾಳೆಗಳು ಬೆಳ್ಳಗೆ ಬಂದವು.

“ಲೇ, ಮಷೀನ್ ಕೆಟ್ಟಿದೆ ಕಣೇ. ನಿನ್ನ ಡೈಲಾಗ್ ಮಾತ್ರ ಬರ್ತಿಲ್ಲ.”

ಮಷೀನ್ ಕೆಟ್ಟಿರಲಿಲ್ಲ. ಹಾಳೆಯಲ್ಲಿದ್ದದ್ದೇ ಅಷ್ಟು: ‘ಸೊಸೆ ನೋಡುತ್ತಾಳೆ.’ ‘ಸೊಸೆ ಮತ್ತೆ ನೋಡುತ್ತಾಳೆ.’ ‘ಸೊಸೆ ಅಳುತ್ತಾಳೆ.’

ನಿರ್ದೇಶಕರು, ಅವರನ್ನು ಎಲ್ಲರೂ ಕಟ್ ಸಾರ್ ಎನ್ನುತ್ತಿದ್ದರು, ಸಮಾಧಾನ ಹೇಳಿದರು. “ಹದಿಮೂರು ಕಂತು ಅಷ್ಟೇ ಅಮ್ಮ. ಹದಿನಾಲ್ಕನೇದರಲ್ಲಿ ಮೆಟ್ಟಿಲಿಂದ ಬೀಳ್ತೀರ. ಬಿದ್ದ ಕೂಡ್ಲೇ ಮಾತು ಬರತ್ತೆ. ಆಮೇಲೆ ಮಾತೇ ಮಾತು.”

ಹದಿನಾಲ್ಕನೆಯ ಕಂತಿನಲ್ಲಿ ಬಿದ್ದಳು. ಮಾತು ಬರಲಿಲ್ಲ, ಮೊಣಕೈ ಊದಿತು. ಏನಾಗಿತ್ತೆಂದರೆ ಹಿಂದಿನ ವಾರ ನೋಡುವವರ ಸಂಖ್ಯೆ ದುಪ್ಪಟ್ಟಾಗಿತ್ತು. ಮೂಗಿ ಓಡುತ್ತಿದ್ದಾಳೆ, ಯಾಕೆ ನಿಲ್ಲಿಸಬೇಕು? ಅಲ್ಲಿಂದ ಶುರುವಾಯಿತು. ನೂರನೆಯ ಕಂತಿಗೆ ದೊಡ್ಡ ಡಾಕ್ಟರ್ ಬಂದ. ಆಪರೇಷನ್ ನಡುವೆ ಕರೆಂಟ್ ಹೋಯಿತು. ಮುನ್ನೂರರಲ್ಲಿ ಔಷಧ ಸಿಕ್ಕಿತು. ನಾದಿನಿ ಚರಂಡಿಗೆ ಸುರಿದಳು. ಎಂಟುನೂರರಲ್ಲಿ ಆಕೆ ಬಾಯಿ ತೆರೆದಳು, ತುಟಿ ಅದುರಿತು, ಅಷ್ಟರಲ್ಲಿ ಗಂಡನ ಮೊದಲ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಆಕೆಗಾಗಿ ಬರೆದಿಟ್ಟಿದ್ದ ಮೊಟ್ಟಮೊದಲ ಮಾತು ‘ಬೇಡ’. ಒಂದೇ ಪದ. ಏಳು ವರ್ಷ ಆ ಒಂದು ಪದವನ್ನು ಆಕೆ ಸ್ನಾನದ ಮನೆಯಲ್ಲಿ ಬೇರೆ ಬೇರೆ ರೀತಿಯಲ್ಲಿ ಹೇಳಿ ನೋಡಿದಳು. ಕೊನೆಯ ಕಂತಿಗೆ ಇಟ್ಟಿದ್ದರು. ಸೋಮವಾರ ಶೂಟಿಂಗ್ ಎಂದಿತ್ತು. ಅದರ ಹಿಂದಿನ ಶುಕ್ರವಾರ ಚಾನೆಲ್ ಧಾರಾವಾಹಿಯನ್ನೇ ನಿಲ್ಲಿಸಿತು.

ಇನ್ನೊಂದು ಮಾತನ್ನು ಯಾರೂ ನಿಮಗೆ ಹೇಳಿರುವುದಿಲ್ಲ. ಒಪ್ಪಂದದ ಒಂಬತ್ತನೆಯ ಅಂಶ: ಕಲಾವಿದೆ ಹೊರಗೆ, ಸಭೆ ಸಮಾರಂಭಗಳಲ್ಲಿ, ಮಾತಾಡತಕ್ಕದ್ದಲ್ಲ. ಅಂಗಡಿಗಳ ಉದ್ಘಾಟನೆಗೆ ಕರೆಯುತ್ತಿದ್ದರು. ಕತ್ತರಿ ಹಿಡಿದು ಟೇಪು ಕತ್ತರಿಸಿ ಕಣ್ಣು ತುಂಬಿಕೊಳ್ಳಬೇಕು. ಜನ ಜಾತ್ರೆಯ ಹಾಗೆ ಸೇರಿ ಅಳುತ್ತಿದ್ದರು. ಒಮ್ಮೆ ಹಾಸಿಗೆ ಅಂಗಡಿಯೊಂದರಲ್ಲಿ ಯಾರೋ ಆಕೆಯ ಕಾಲು ತುಳಿದರು. “ಅಯ್ಯೋ” ಎನ್ನುವ ಹಕ್ಕೂ ಇಲ್ಲದೆ ನಿಂತಳು. ಅದನ್ನೂ ಅಭಿನಯ ಎಂದು ಚಪ್ಪಾಳೆ ತಟ್ಟಿದಿರಿ. ಮಾತಿಲ್ಲದ ಪಾತ್ರ ಎಂದು ಸಂಬಳ ಅರ್ಧ. ಅಳುವುದಕ್ಕೆ ಪದಗಳ ಲೆಕ್ಕವಿಲ್ಲವಲ್ಲ.

ಧಾರಾವಾಹಿ ನಿಂತ ಮೇಲೆ ಕೆಲಸ ಬರಲಿಲ್ಲವೇ? ಬಂತು. ಕೋಮಾದಲ್ಲಿ ಮಲಗಿದ ತಾಯಿ. ಹದಿನಾಲ್ಕು ತಿಂಗಳು ಮಲಗಿದಳು. “ಒಳ್ಳೇ ಪಾತ್ರ. ದಿಂಬು ಮೆತ್ತಗಿತ್ತು” ಎನ್ನುತ್ತಾಳೆ. ಆಮೇಲೆ ಗೋಡೆಗೆ ತೂಗುಹಾಕಿದ ಫೋಟೋ, ಮೂರು ಧಾರಾವಾಹಿಗಳಲ್ಲಿ. ಆಮೇಲೆ ನದಿಯಲ್ಲಿ ತೇಲಿಬಂದ ಹೆಣ. ಮಾತಿರುವ ಪಾತ್ರ ಕೇಳಿಕೊಂಡು ಹೋದರೆ ಎಲ್ಲ ಕಚೇರಿಗಳಲ್ಲೂ ಒಂದೇ ಉತ್ತರ: “ನಿಮ್ಮ ಮುಖಕ್ಕೆ ಮಾತು ಹೊಂದಲ್ಲ ಮೇಡಂ. ಜನ ಒಪ್ಪಲ್ಲ.” ಜನ ಎಂದರೆ ಯಾರು? ನೀವು. ನಿಮ್ಮನ್ನು ಯಾರಾದರೂ ಕೇಳಿದರೇ? ಇಲ್ಲ. ಕೇಳದೆಯೇ ನಿಮ್ಮ ಹೆಸರಿನಲ್ಲಿ ಒಬ್ಬ ಹೆಂಗಸಿನ ಬಾಯಿ ಹೊಲಿದರು. ನೀವೂ ಸುಮ್ಮನಿದ್ದಿರಿ.

ಹೊಟ್ಟೆಪಾಡಿಗೆ ಆಕೆ ಹಿಡಿದದ್ದು ಡಬ್ಬಿಂಗ್. ಊರ ಆ ತುದಿಯಲ್ಲಿ, ಪೀಠೋಪಕರಣ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ ಒಂದು ಸ್ಟುಡಿಯೋ. ಗೋಡೆಗೆಲ್ಲ ಕಂದು ಸ್ಪಂಜು. ಗಾಜಿನ ಈಚೆ ಸೌಂಡ್ ಅಣ್ಣ, ಆಚೆ ಕತ್ತಲೆಯಲ್ಲಿ ಮೈಕಿನ ಮುಂದೆ ಕಲಾವಿದರು. ಪರದೆಯ ಮೇಲೆ ಯಾರದೋ ತುಟಿ ಆಡುತ್ತದೆ, ಅದಕ್ಕೆ ಸರಿಯಾಗಿ ಇವರು ಮಾತು ಕೂರಿಸಬೇಕು. ಒಂದು ಅಕ್ಷರ ಮುಂದೆ ಹಿಂದೆ ಆದರೆ ಮತ್ತೆ ಮೊದಲಿನಿಂದ. ರೇಡಿಯೋ ಅಲ್ಲಿ ಮೂರು ವರ್ಷದಿಂದ ಖಳನಾಯಕಿಯರಿಗೆ, ಪೊಲೀಸ್ ಅಧಿಕಾರಿಣಿಯರಿಗೆ, ಒಂದು ಗಿಳಿಗೆ, ಎರಡು ಸೋಪಿನ ಜಾಹೀರಾತಿಗೆ ದನಿ ಕೊಟ್ಟಿದ್ದಾಳೆ. ಡಬ್ಬಿಂಗಿಗೆ ಈ ಕಸುಬಿನಲ್ಲಿ ‘ಕಂಠದಾನ’ ಎಂದು ಹೆಸರು. ದಾನ ಮಾಡಿದವರ ಹೆಸರು ಪರದೆಯ ಮೇಲೆ ಬರುವುದು ಅಪರೂಪ. ಹಾಗಾಗಿ ಪ್ರತಿ ಸಂಜೆ ನಿಮ್ಮ ಮನೆಯಲ್ಲಿ ಕಿರುಚುವ ಆ ಖಳನಾಯಕಿ ಮೂಗಿ ಸೊಸೆಯೇ ಎಂದು ನಿಮಗೆ ತಿಳಿದಿರಲಿಲ್ಲ.

ಸೌಂಡ್ ಅಣ್ಣನಿಗೂ ತಿಳಿದಿರಲಿಲ್ಲ. ದಿನಕ್ಕೆ ಹತ್ತು ಗಂಟೆ ಧಾರಾವಾಹಿ ಕೇಳುವ ಆ ಮನುಷ್ಯ ಮನೆಯಲ್ಲಿ ಟಿವಿ ಇಟ್ಟಿಲ್ಲ. ಅವನಿಗೆ ಮುಖಗಳು ನೆನಪಿರುವುದಿಲ್ಲ, ದನಿಗಳು ನೆನಪಿರುತ್ತವೆ. ರೇಡಿಯೋ ಅವನಿಗೆ ‘ಎಂಟು ಗಂಟೆ ಅಕ್ಕ’, ಬೆಳಿಗ್ಗೆ ಸರಿಯಾಗಿ ಎಂಟಕ್ಕೆ ಬಂದು ಒಂದೇ ಟೇಕಿನಲ್ಲಿ ಮುಗಿಸಿ ಹೋಗುವ ಅಕ್ಕ.

ಹೀಗಿರುವಾಗ ಕಳೆದ ವರ್ಷ ಆಕೆಗೆ ಮಾತಿರುವ ಪಾತ್ರ ಸಿಕ್ಕಿತು. ಹೊಸ ಧಾರಾವಾಹಿ, ಹೆಣ್ಣುಮಕ್ಕಳ ಶಾಲೆಯ ಕಥೆ, ಈಕೆ ಹೆಡ್‌ಮಿಸ್ಟ್ರೆಸ್. ಕಂತಿಗೆ ನಾಲ್ಕು ಪುಟ ಮಾತು. ನಿರ್ದೇಶಕಿ ಇಪ್ಪತ್ತೇಳರ ಹುಡುಗಿ, ದಪ್ಪ ಕನ್ನಡಕ. ‘ಮೂಗಿ ಸೊಸೆ ಓಡುತ್ತಿದ್ದಾಗ ಎಲ್ಲಿದ್ದೆಯಮ್ಮ?’ ಎಂದು ರೇಡಿಯೋ ಕೇಳಿದ್ದಕ್ಕೆ “ಹಾಸ್ಟೆಲ್‌ನಲ್ಲಿ ಮೇಡಂ, ಟಿವಿ ಇರ್ಲಿಲ್ಲ” ಎಂದಳಂತೆ. ರೇಡಿಯೋಗೆ ಆ ಹಾಸ್ಟೆಲಿನ ವಾರ್ಡನ್ನಿಗೆ ಪತ್ರ ಬರೆದು ಕೃತಜ್ಞತೆ ಹೇಳಬೇಕೆನಿಸಿತು.

ಗಂಡ ಸ್ಕ್ರಿಪ್ಟನ್ನು ಪ್ರತಿ ಮಾಡಿದ. ಹಾಳೆ ಕರ್ರಗೆ ಬಂತು. ಅದನ್ನು ಅಂಗಡಿಯ ಗಾಜಿಗೆ ಅಂಟಿಸಿದ. ಹೆಂಡತಿ ಕಿತ್ತುಹಾಕಿದಳು. “ಕಥೆ ಹೊರಗೆ ಹೋಗ್ಬಾರ್ದು ಕಣ್ರೀ.” “ಯಾರೂ ಓದಲ್ಲ ಬಿಡೇ, ಎಲ್ರೂ ಆಧಾರ್ ಕಾರ್ಡ್ ಕಾಪಿಗೆ ಬರ್ತಾರೆ” ಎಂದ ಗಂಡ.

ಮೂರು ವಾರ ಶೂಟಿಂಗ್ ಆಯಿತು. ಸ್ಥಳದಲ್ಲೇ ಮೈಕ್ ಇಟ್ಟು ಆಕೆಯ ದನಿಯಲ್ಲೇ ಎಲ್ಲ ಹಿಡಿದರು. ಬೆಳಕಿನ ಕೆಲಸದವನು ಒಂದು ದೃಶ್ಯದ ನಡುವೆ ಏಣಿಯ ಮೇಲಿಂದ “ಸಾರಿ ಮಿಸ್” ಎಂದದ್ದುಂಟು. ಆಕೆ ಗದರಿದ್ದು ಕ್ಯಾಮರಾ ಮುಂದಿದ್ದ ಹುಡುಗಿಯನ್ನು.

ಆಮೇಲೆ ಚಾನೆಲ್‌ನವರು ಪರೀಕ್ಷೆ ಇಟ್ಟರು. ಪ್ರಸಾರಕ್ಕೆ ಮುಂಚೆ ಹತ್ತು ಜನರನ್ನು ಒಂದು ತಂಪು ಕೋಣೆಯಲ್ಲಿ ಕೂರಿಸಿ ಬಿಸ್ಕತ್ತು ಕೊಟ್ಟು ಎರಡು ಕಂತು ತೋರಿಸಿ ಕಾಗದದ ಮೇಲೆ ಗುರುತು ಹಾಕಿಸುವುದು ಪದ್ಧತಿ. ಹತ್ತರಲ್ಲಿ ಎಂಟು ಜನ ಬರೆದರು: ದನಿ ಆಕೆಯದಲ್ಲ. ಒಬ್ಬರು ವಿವರವಾಗಿಯೇ ಬರೆದರು: ‘ಪಾಪ, ಮೂಗಿಯ ಬಾಯಿಗೆ ಬೇರೆ ಯಾರದೋ ದನಿ ಅಂಟಿಸಿದ್ದಾರೆ. ತುಟಿಗೂ ಮಾತಿಗೂ ಸ್ವಲ್ಪವೂ ಹೊಂದಿಲ್ಲ.’

ಆಕೆಯ ತುಟಿ. ಆಕೆಯ ಮಾತು. ಒಂದೇ ಕ್ಷಣ ಒಂದೇ ಬಾಯಿಂದ ಹೊರಟದ್ದು. ಹೊಂದಿಲ್ಲವಂತೆ!

ಚಾನೆಲ್‌ನ ಯಜಮಾನರನ್ನು ಮೀಟಿಂಗ್ ಸಾರ್ ಎನ್ನೋಣ, ಯಾವಾಗ ಕೇಳಿದರೂ ಮೀಟಿಂಗ್‌ನಲ್ಲೇ ಇರುತ್ತಾರೆ. ಅವರು ತೀರ್ಪು ಕೊಟ್ಟರು. ನಟಿ ಇರಲಿ, ದನಿ ಬದಲಾಯಿಸಿ. ಅದಕ್ಕೂ ಜನ ಒಪ್ಪದಿದ್ದರೆ ಹೆಡ್‌ಮಿಸ್ಟ್ರೆಸ್ಸನ್ನು ಇಪ್ಪತ್ತನೆಯ ಕಂತಿನಲ್ಲಿ ವರ್ಗ ಮಾಡಿಬಿಡಿ. ಕನ್ನಡಕದ ಹುಡುಗಿ ಮೂರನೆಯ ಮಹಡಿ ಹತ್ತಿ ಬಂದು ಸುದ್ದಿ ಹೇಳುವಾಗ ಅತ್ತಳು.

“ನಾನು ಜಗಳ ಆಡಿದೆ ಮೇಡಂ. ‘ನೀನು ಚಿಕ್ಕವಳು’ ಅಂದ್ರು.”

“ಅಳ್ಬೇಡಮ್ಮ. ಅಳೋದು ನನ್ನ ಕೆಲ್ಸ” ಎಂದಳು ರೇಡಿಯೋ.

ಅತ್ತೆಗೆ ಏನೋ ಆಗಿದೆ ಎಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. “ಏನಂತೆ?”

“ದನಿ ಬೇಡ್ವಂತೆ ಅತ್ತೇ!”

“ಏನ್ ಬೇಡ್ವಂತೆ?”

“ದನಿ! ನನ್ನ ದನಿ!”

“ಯಾಕೆ, ಕೇಳಿಸಲ್ವಂತಾ?” ಎಂದರು ಅತ್ತೆ. “ನಂಗೇ ಕೇಳಿಸತ್ತಲ್ಲ!”

ಆ ದಿನ ರೇಡಿಯೋ ಅಡುಗೆ ಮನೆಯಲ್ಲಿ ತಟ್ಟೆಗಳನ್ನು ಎರಡೆರಡು ಸಲ ತೊಳೆದಳಂತೆ. ಗಂಡ ಹೇಳಿದ. ಮನೆಯಲ್ಲಿ ಅಷ್ಟು ಹೊತ್ತು ಮೌನ ಇದ್ದದ್ದು ಅದೇ ಮೊದಲಂತೆ. ಎದುರು ಮನೆಯ ಮೇಷ್ಟರು ಬಂದು, “ಟಿವಿ ಕೆಟ್ಟಿತಾ?” ಎಂದು ವಿಚಾರಿಸಿಕೊಂಡು ಹೋದರಂತೆ.

ಮಾರನೆಯ ದಿನ ಮಧ್ಯಾಹ್ನ ಸೌಂಡ್ ಅಣ್ಣನ ಫೋನ್.

“ಅಕ್ಕಾ, ನಾಳೆ ಎಂಟಕ್ಕೆ ಬಂದ್ಬಿಡಿ. ಅರ್ಜೆಂಟು. ಹೊಸಾ ಧಾರಾವಾಹಿ. ಹೆಡ್‌ಮಿಸ್ಸು, ನಲವತ್ತೈದು ವಯಸ್ಸು, ಗತ್ತಿನ ದನಿ ಬೇಕಂತೆ.”

ಆಕೆ ಕುರ್ಚಿ ಎಳೆದು ಕೂತಳು. “ಯಾಕಣ್ಣ, ಪಾತ್ರ ಮಾಡಿದವಳಿಗೆ ದನಿ ಇಲ್ವಾ?”

“ಯಾರೋ ಮಾತು ಬಾರದೋಳಂತೆ. ನಟನೆ ಚೆನ್ನಾಗಿ ಮಾಡ್ತಾಳಂತೆ, ಪಾಪ. ನೀವಾದ್ರೆ ಕೂರತ್ತೆ ಅಂತ ನಾನೇ ನಿಮ್ಮ ಹೆಸರು ಹೇಳ್ದೆ.”

“ಯಾವ ಹೆಸರು ಹೇಳ್ದೆ?”

“ಎಂಟು ಗಂಟೆ ಅಕ್ಕ ಅಂತ.”

ಆಕೆ ಹೋದಳು. ನೀವಾಗಿದ್ದರೆ ಸ್ವಾಭಿಮಾನ ಎಂದು ಮನೆಯಲ್ಲಿ ಕೂರುತ್ತಿದ್ದಿರಿ. ಆಕೆ ಎಂಟಕ್ಕೆ ಐದು ನಿಮಿಷ ಇರುವಾಗಲೇ ನೆಲಮಾಳಿಗೆಯ ಮೆಟ್ಟಿಲು ಇಳಿದು, ಬಿಸಿನೀರು ಕುಡಿದು, ಕಿವಿಗೆ ಹೆಡ್‌ಫೋನ್ ಹಾಕಿ ಕತ್ತಲೆಯಲ್ಲಿ ನಿಂತಳು. ಪರದೆ ಬೆಳಗಿತು. ಆಕೆಯ ಮುಂದೆ ಆಕೆಯೇ, ಕೈಯಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದಳು. ತುಟಿ ಆಡುತ್ತಿತ್ತು, ದನಿ ತೆಗೆದುಬಿಟ್ಟಿದ್ದರು. ಮತ್ತೆ ಮೂಗಿ.

ಆಕೆ ಮಾತು ಶುರು ಮಾಡಿದಳು. ಎಲ್ಲಿ ಉಸಿರು ಎಳೆದಿದ್ದೆ, ಎಲ್ಲಿ ನುಂಗಿದ್ದೆ, ಯಾವ ಪದದ ಮೇಲೆ ಹುಬ್ಬು ಎತ್ತಿದ್ದೆ ಎಂಬುದೆಲ್ಲ ಆಕೆಯ ಮೈಗೆ ಗೊತ್ತಿತ್ತು. ಆರು ನಿಮಿಷದ ದೃಶ್ಯ ಒಂದೇ ಟೇಕಿನಲ್ಲಿ ಮುಗಿಯಿತು.

“ಅಕ್ಕಾ!” ಗಾಜಿನ ಈಚೆಯಿಂದ ಸೌಂಡ್ ಅಣ್ಣ ಕೂಗಿದ. “ಇಪ್ಪತ್ತು ವರ್ಷದಲ್ಲಿ ತುಟಿ ಹೀಗೆ ಕೂತಿದ್ದು ನೋಡಿಲ್ಲ. ಕೂದಲೆಳೆ ಸಂದಿಲ್ಲ. ಹೇಗೆ ಮಾಡಿದ್ರಿ?”

“ಪ್ರಾಕ್ಟೀಸು.”

ಎರಡನೆಯ ದೃಶ್ಯದ ನಡುವೆ ಅವನು ಯಾಕೋ ತಲೆ ಎತ್ತಿದ. ಪರದೆ ನೋಡಿದ, ಗಾಜಿನಾಚೆ ನೋಡಿದ. ಮತ್ತೆ ಪರದೆ ನೋಡಿದ. ಒಳಗಿನ ದೀಪ ಹಾಕಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತು ನಕ್ಕ. ಮೈಕ್ ಆನ್ ಇತ್ತು. ಆ ನಗು ಅವನ ಹತ್ತಿರ ಈಗಲೂ ರೆಕಾರ್ಡ್ ಆಗಿ ಇದೆ.

ನಾಲ್ಕು ದಿನದಲ್ಲಿ ಕೆಲಸ ಮುಗಿಯಿತು. ಅದೇ ಗಂಟಲು, ಅದೇ ಮಾತು. ಚಾನೆಲ್‌ಗೆ ಹೋಯಿತು. ಮತ್ತೆ ಹತ್ತು ಜನ, ತಂಪು ಕೋಣೆ, ಬಿಸ್ಕತ್ತು. ಈ ಸಲ ಕಾಗದದ ಮೇಲೆ ಮೊದಲೇ ಅಚ್ಚಾಗಿತ್ತು: ‘ಅನುಭವಿ ಕಲಾವಿದೆಯ ಹೊಸ ದನಿಯೊಂದಿಗೆ’. ಹತ್ತರಲ್ಲಿ ಒಂಬತ್ತು ಜನ ಭೇಷ್ ಎಂದರು. ಹತ್ತನೆಯವರು ಬಿಸ್ಕತ್ತಿನ ಬಗ್ಗೆ ದೂರು ಬರೆದಿದ್ದರು.

ಮೀಟಿಂಗ್ ಸಾರ್ ಖುಷಿಯಿಂದ ಆಕೆಯನ್ನು ಕರೆಸಿದರು. ಏಳನೆಯ ಮಹಡಿ, ಉದ್ದನೆಯ ಮೇಜು, ಹದಿನೆಂಟು ಕುರ್ಚಿ, ಕೂತವರು ಮೂವರು: ಅವರು, ಕನ್ನಡಕದ ಹುಡುಗಿ, ರೇಡಿಯೋ. ಮುಂದಿನದನ್ನು ಆ ಹುಡುಗಿಯೇ ನನಗೆ ಹೇಳಿದ್ದು, ಮೂರು ಸಲ ಹೇಳಿಸಿಕೊಂಡಿದ್ದೇನೆ.

“ಬೇಜಾರ್ ಮಾಡ್ಕೋಬೇಡಿ ಮೇಡಂ. ನಿಮ್ಮ ನಟನೆ ನಟನೆನೇ. ಆದ್ರೆ ಆ ದನಿ ಬಂದ್ಮೇಲೆ ಪಾತ್ರಕ್ಕೆ ಜೀವ ಬಂತು ನೋಡಿ.”

“ಆ ದನಿಯವರ ಹೆಸರು ಟೈಟಲ್‌ನಲ್ಲಿ ಹಾಕ್ತೀರಾ ಸಾರ್?”

“ಅದೆಲ್ಲ ವಾಡಿಕೆ ಇಲ್ಲ. ಯಾಕೆ, ಪರಿಚಯನಾ ನಿಮಗೆ?”

“ಒಂದೇ ಮನೇಲಿ ಇದ್ದೀವಿ.”

“ಓಹೋ, ತಂಗಿನಾ?”

“ಅಲ್ಲ ಸಾರ್. ಹಲ್ಲುಜ್ಜೋಕೆ ನನ್ನ ಬ್ರಷ್ಷೇ ಬಳಸ್ತಾಳೆ.”

ಸಾರ್‌ಗೆ ಅರ್ಥವಾಗಲಿಲ್ಲ. ರೇಡಿಯೋ ಎದ್ದಳು, ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು, ಹೆಡ್‌ಮಿಸ್ಟ್ರೆಸ್ ಆದಳು. “ಎದ್ದು ನಿಂತು ಮಾತಾಡು! ತಪ್ಪು ಮಾಡುವಾಗ ಯಾರನ್ನೂ ಕೇಳಲಿಲ್ಲ. ಈಗ ಉತ್ತರಕ್ಕೆ ಯಾರ ಮುಖ ನೋಡ್ತೀಯ?”

ಮೀಟಿಂಗ್ ಸಾರ್ ಅರ್ಧ ಎದ್ದಿದ್ದರು. ಎದ್ದದ್ದು ಅರಿವಾಗಿ, ಟೈ ಸರಿಮಾಡಿಕೊಳ್ಳುವವರಂತೆ ನಟಿಸಿ, ಕೂತರು. ಆ ನಟನೆ ಅಷ್ಟಕ್ಕಷ್ಟೇ ಎಂದು ಹುಡುಗಿಯ ಅಭಿಪ್ರಾಯ.

“ಇದು ಈ ರೂಮಿಂದ ಹೊರಗೆ ಹೋಗ್ಬಾರ್ದು” ಎಂದರು ಮೆಲ್ಲಗೆ.

“ಏಳು ವರ್ಷ ಹೋಗ್ಲಿಲ್ಲ ಸಾರ್. ಈ ಸಲ ಹೋಗತ್ತೆ. ಕಂಠದಾನ ಅಂತ ಬರೆದು ಅದರ ಮುಂದೆ ನನ್ನ ಹೆಸರು ಹಾಕಿ. ಇಲ್ಲಾಂದ್ರೆ ನಾಳೆಯಿಂದ ಆ ದನಿಯವಳು ಬರಲ್ಲ. ನಾನು ಬರ್ತೀನಿ, ಬಾಯಾಡಿಸ್ತೀನಿ. ಬೇಕಾದ್ರೆ ನೀವೇ ಮೈಕ್ ಹಿಡ್ಕೊಳ್ಳಿ.”

ಹೆಸರು ಹಾಕಿದರು.

ಮೊದಲ ಕಂತು ಬಂದ ಸಂಜೆ ಮೂರನೆಯ ಮಹಡಿಯ ಆ ಕೋಣೆಯಲ್ಲಿ ನಾನೂ ಇದ್ದೆ. ಹೆಸರುಗಳು ಓಡಿದವು. ಪಾತ್ರವರ್ಗದಲ್ಲಿ ಒಮ್ಮೆ ಬಂತು, ಕಂಠದಾನದಲ್ಲಿ ಇನ್ನೊಮ್ಮೆ ಬಂತು. ಗಂಡ ಶಿಳ್ಳೆ ಹಾಕಿದ. ಅತ್ತೆ ಕನ್ನಡಕ ಸರಿಪಡಿಸಿಕೊಂಡು, “ನಿನ್ನ ಹೆಸರು ಎರಡು ಸಲ ಹಾಕಿದಾರಲ್ಲೇ. ತಪ್ಪಾಗಿದೆ, ಫೋನ್ ಮಾಡಿ ಹೇಳು” ಎಂದರು. ಎಲ್ಲರೂ ನಕ್ಕೆವು. ಗೆದ್ದೆವು ಎಂದುಕೊಂಡೆವು.

ನಿಮ್ಮನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಸೈಕಲ್ ರಿಪೇರಿಯವನು ಚಕ್ರ ಬಿಟ್ಟು ಎದ್ದು ಬಂದ. “ಅಕ್ಕಾ, ಎಷ್ಟು ಚೆನ್ನಾಗಿ ಮಾಡಿದೀರ! ಅದ್ಸರಿ, ನಿಮ್ಮ ಹೆಸರಿನವರನ್ನೇ ಹುಡುಕಿ ದನಿಗೆ ಹಾಕಿದಾರಲ್ಲ, ಎಲ್ಲಿ ಸಿಕ್ಕರಂತೆ?”

“ಅದು ನಾನೇ ಕಣೋ ಮಾರಾಯ.”

“ನೀವೇ ಅಕ್ಕ, ಗೊತ್ತು. ನಾನು ಕೇಳಿದ್ದು ಆ ಇನ್ನೊಬ್ಬರ ಬಗ್ಗೆ.”

ಒಬ್ಬನಲ್ಲ, ಇಡೀ ಬೀದಿ. ಒಂದೇ ಹೆಸರಿನ ಇಬ್ಬರು ಹೆಂಗಸರು: ಒಬ್ಬಳಿಗೆ ಮುಖ, ಇನ್ನೊಬ್ಬಳಿಗೆ ಗಂಟಲು. ಆಕೆ ಎದುರು ನಿಂತು, ಅದೇ ದನಿಯಲ್ಲಿ, ‘ಆ ದನಿ ನನ್ನದು’ ಎಂದು ಹೇಳಿದರೆ ಕೇಳಿಸಿಕೊಳ್ಳುವವರಿಲ್ಲ. ಒಬ್ಬ ಹೆಂಗಸು ಎರಡೂ ಇಟ್ಟುಕೊಂಡಿರಬಹುದು ಎಂಬುದು ನಿಮ್ಮ ತಲೆಗೆ ಹೋಗುವುದಿಲ್ಲ. ಇಬ್ಬರು ಎಂದರೆ ತಟ್ಟನೆ ಹೋಗುತ್ತದೆ.

ಆ ದನಿ ಆಕೆಯದೇ ಎಂದು ಬೀದಿಯಲ್ಲಿ ನಂಬಿದವಳು ಒಬ್ಬಳೇ. ಹಿಂದಿನ ಓಣಿಯಲ್ಲಿ ಒಬ್ಬ ಹೊಲಿಗೆಯವಳಿದ್ದಾಳೆ, ಹುಟ್ಟಿನಿಂದ ಕಿವಿ ಕೇಳದವಳು, ಮಾತು ಬಾರದವಳು. ನಿಜವಾಗಿ. ತುಟಿ ನೋಡಿ ಮಾತು ತಿಳಿಯುತ್ತಾಳೆ. ಹೊಸ ಧಾರಾವಾಹಿ ಬಂದ ವಾರ ರೇಡಿಯೋಳನ್ನು ಅಂಗಡಿಗೆ ಎಳೆದುಕೊಂಡು ಹೋಗಿ, ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು: ‘ಈಗ ನೀನು ಹೇಳಿದ್ದೆಲ್ಲ ನನಗೆ ಅರ್ಥ ಆಯಿತು. ಹಳೇದರಲ್ಲಿ ತುಂಬಾ ಅಳ್ತಿದ್ದೆ. ನಾವು ಅಷ್ಟೆಲ್ಲ ಅಳಲ್ಲ. ನಮಗೆ ಕೆಲಸ ಇರತ್ತೆ.’ ರೇಡಿಯೋ ಸೀಮೆಸುಣ್ಣ ಇಸಿದುಕೊಂಡು ಅದರ ಕೆಳಗೆ ‘ನಿಜ’ ಎಂದು ಬರೆದಳು. ಏಳು ವರ್ಷ ಆ ಪಾತ್ರ ಓಡಿತಲ್ಲ, ಈ ಹೊಲಿಗೆಯವಳಂಥ ಒಬ್ಬಳನ್ನೂ ಯಾರೂ ಕರೆದು ಕೇಳಲಿಲ್ಲ. ಮಾತು ಬಲ್ಲವಳ ಬಾಯಿ ಕಟ್ಟಿದರು, ಮಾತು ಬಾರದವಳಿಗೆ ಬಾಗಿಲೇ ತೆರೆಯಲಿಲ್ಲ. ಆ ಮೂಗಿಯ ಹೆಸರಿನಲ್ಲಿ ಹಾಸಿಗೆ ಮಾರಿದರು.

ಈಗ ವಿಷಯಕ್ಕೆ ಬರುತ್ತೇನೆ. ಚಾನೆಲ್‌ಗೆ ನಿಮ್ಮಿಂದ ಕಾಗದಗಳು ಹೋಗಿವೆ. ಇನ್ನೂರ ಹನ್ನೊಂದು. ಕನ್ನಡಕದ ಹುಡುಗಿ ಕೆಲವನ್ನು ತಂದು ತೋರಿಸಿದಳು. ಅರ್ಧ ಜನ ಬರೆದಿದ್ದಾರೆ: ‘ದನಿಯವರೇ ಇಷ್ಟು ಚೆನ್ನಾಗಿರುವಾಗ ಅವರನ್ನೇ ನಟಿಸಲು ಕರೆಯಿರಿ, ಈ ಮೂಗಿಯನ್ನು ಬಿಡಿ.’ ಇನ್ನರ್ಧ ಜನ: ‘ನಮಗೆ ನಮ್ಮ ಹಳೆಯ ಮೂಗಿ ಸೊಸೆ ಬೇಕು, ಮಾತು ಬೇಡ.’ ಒಂದು ಕಾಗದದಲ್ಲಂತೂ ಎರಡೂ ಬೇಡಿಕೆ ಇವೆ. ಮೀಟಿಂಗ್ ಸಾರ್‌ಗೆ ನಿಜ ಗೊತ್ತು. ಆದರೆ ಅವರ ಮುಂದೆ ಇನ್ನೂರ ಹನ್ನೊಂದು ಕಾಗದ ಇವೆ, ನಿಜದ ಪರವಾಗಿ ಒಂದೂ ಇಲ್ಲ. ಹಾಗಾಗಿ ಯೋಚನೆಯೊಂದು ಮೇಜಿನ ಮೇಲೆ ಬಂದಿದೆ. ಅರವತ್ತನೆಯ ಕಂತಿನಲ್ಲಿ ಶಾಲೆಗೆ ಬೆಂಕಿ ಬೀಳುತ್ತದೆ, ಹೆಡ್‌ಮಿಸ್ಟ್ರೆಸ್ ಮಕ್ಕಳನ್ನು ಉಳಿಸುತ್ತಾಳೆ, ಆ ಆಘಾತಕ್ಕೆ ಮಾತು ಹೋಗುತ್ತದೆ.

“ಎಷ್ಟು ದಿನಕ್ಕೆ?” ಎಂದು ರೇಡಿಯೋ ಕೇಳಿದಳು.

“ಹದಿಮೂರು ಕಂತು ಅಂತ ಹೇಳ್ತಿದ್ದಾರೆ” ಎಂದಳು ಹುಡುಗಿ, ತಲೆ ತಗ್ಗಿಸಿಕೊಂಡು.

ಆಕೆಗೆ ಈಗ ನಲವತ್ತಾರು. ಮತ್ತೆ ಏಳು ವರ್ಷ ಕಾಯಲು ಆಕೆ ತಯಾರಿಲ್ಲ. “ಬೆಂಕಿ ಬಿದ್ರೆ ನಾನು ನೀರು ನೀರು ಅಂತ ಕೂಗ್ತೀನಿ. ಕ್ಯಾಮರಾ ಓಡ್ತಾ ಇರ್ಲಿ, ಬಿಡ್ಲಿ” ಎಂದಿದ್ದಾಳೆ. ಕೂಗಿದರೆ ಆ ದಿನವೇ ಪಾತ್ರ ಹೋಗುತ್ತದೆ. ಕೂಗದಿದ್ದರೆ ದನಿ ಹೋಗುತ್ತದೆ. ಈ ತಿಂಗಳ ಕೊನೆಯ ಮೀಟಿಂಗ್‌ನಲ್ಲಿ ಅದು ತೀರ್ಮಾನವಾಗಲಿದೆ, ಮತ್ತು ಆ ಮೇಜಿನ ಮೇಲೆ ನಿಮ್ಮ ಕಾಗದಗಳ ಹೊರತು ಬೇರೆ ಯಾವುದಕ್ಕೂ ಬೆಲೆಯಿಲ್ಲ.

ನಿಜ ಏನೆಂದು ಈಗ ನಿಮಗೆ ತಿಳಿದಿದೆ. ಇನ್ನು ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಪೆನ್ನು ತೆಗೆದುಕೊಳ್ಳಿ. ಪಾಪ ಪುಣ್ಯ ಬರೆಯಬೇಡಿ, ಹೊಗಳಬೇಡಿ, ನಿಮ್ಮ ಕಣ್ಣೀರಿನ ಕಥೆ ಬೇಡ. ಒಂದೇ ಸಾಲು: ಆ ಬಾಯಿಯೂ ಆ ದನಿಯೂ ಒಬ್ಬಳದೇ, ಆಕೆಯನ್ನು ಮಾತಾಡಲು ಬಿಡಿ. ಕೆಳಗೆ ನಿಮ್ಮ ಹೆಸರು ಹಾಕಿ, ಈ ವಾರದೊಳಗೆ ಚಾನೆಲ್‌ಗೆ ಕಳಿಸಿ.